ಮೂರೂವರೆಗೆ ಹೊರಡುವ ಹಡಗು

ಹಡಗಿನವರ ಬಸ್ಸಿನಲ್ಲಿ ಊರು ನೋಡಲು ಹೋದವರು ತಡಮಾಡಿದರೆ ಹಡಗು ಕಾಯುತ್ತದೆ. ತಾವಾಗಿಯೇ ಇಳಿದು ಹೋದವರಿಗೆ ಕಾಯುವುದಿಲ್ಲ. ಪುಸ್ತಿಕೆಯಲ್ಲಿದ್ದ ಈ ಎರಡು ಸಾಲುಗಳನ್ನು ಪ್ರಫುಲ್ಲಾ ಎಷ್ಟು ಸಲ ಓದಿದ್ದಳೆಂದರೆ, ಲಂಡನ್ನಿನ ಟೂಟಿಂಗ್‌ನ ಶಾಲೆಯಲ್ಲಿ ಮಕ್ಕಳ ತಟ್ಟೆಗೆ ಬಟಾಣಿ ಬಡಿಸುವಾಗಲೂ ಅವು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದವು.

ಸೌತಾಂಪ್ಟನ್ನಿನಿಂದ ಹೊರಡುವ ಏಳು ದಿನದ ಪ್ರವಾಸ ಅದು. ಮಗ ಅನೀಶ್ ಅಪ್ಪ ಅಮ್ಮನಿಗಾಗಿ ಮಾಡಿಸಿದ್ದು. ಹಡಗು ನಿಲ್ಲುವ ನಾಲ್ಕು ಊರುಗಳಲ್ಲಿ ಅವಳ ಗಂಡ ಭೋಜನಿಗೆ ಬೇಕಾದದ್ದು ಒಂದೇ, ಸ್ಪೇನಿನ ವೀಗೊ. ಅಲ್ಲಿ ದೊಡ್ಡ ಮೀನು ಬಂದರು ಇದೆಯೆಂದು ಯಾರೋ ಹೇಳಿದ್ದರು. ಗಂಗೊಳ್ಳಿಯ ಮೀನುದಕ್ಕೆಯ ಹತ್ತಿರ ಹುಟ್ಟಿ, ಟೂಟಿಂಗ್‌ನ ಹೋಟೆಲೊಂದರಲ್ಲಿ ಇಪ್ಪತ್ತೈದು ವರ್ಷ ಮೀನುಸಾರು ಮಾಡಿದವನು ಭೋಜ. ಹಡಗಿನವರ ಬಸ್ಸು ಮೀನುಪೇಟೆಗೆ ಹೋಗುತ್ತಿರಲಿಲ್ಲ.

"ಅವ್ರ್ ಬಸ್ಸ್ ಇಗರ್ಜಿ ತೋರ್ಸಿ ವಾಪಸ್ ತತ್ತೊ ಮಗಾ," ಎಂದಳು ಪ್ರಫುಲ್ಲಾ ಫೋನಿನಲ್ಲಿ.

"ಅಮ್ಮಾ, ಜಸ್ಟ್ ಟೇಕ್ ದ ಬಸ್. ಡ್ಯಾಡ್ ಕ್ಯಾನ್ ಸೀ ಫಿಶ್ ಇನ್ ಟೂಟಿಂಗ್!"

ಅನೀಶನಿಗೆ ಅವಳು ಒಂದು ಮಾತು ಹೇಳಿರಲಿಲ್ಲ. ಚಳಿಗಾಲದಲ್ಲಿ ಭೋಜ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದ್ದ. ಒಂದು ದಿನ ಟೂಟಿಂಗ್ ಬ್ರಾಡ್‌ವೇಯಲ್ಲಿ ಇಳಿಯದೆ ಟ್ಯೂಬ್ ರೈಲಿನ ಕೊನೆಯ ನಿಲ್ದಾಣದವರೆಗೂ ಹೋಗಿ, ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ. ಜಿಪಿ ಡಾಕ್ಟರಮ್ಮ ಒಂದು ಕಾಗದ ಕೊಟ್ಟು, ಗಡಿಯಾರ ಬರೆದು ಹನ್ನೊಂದೂ ಹತ್ತು ತೋರಿಸಿ ಎಂದಿದ್ದಳು. ಭೋಜ ಅಂದವಾದ ವೃತ್ತ ಬರೆದ, ಅಂಕಿಗಳನ್ನೂ ಬರೆದ. ಆಮೇಲೆ ಮುಳ್ಳು ಬರೆಯದೆ ಪೆನ್ನು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ನೆನಪಿನ ಕ್ಲಿನಿಕ್ಕಿನಿಂದ ಬಂದ ಪತ್ರದಲ್ಲಿ ತಪಾಸಣೆಗೆ ಜುಲೈ ತಿಂಗಳ ತಾರೀಕಿತ್ತು. ಪ್ರವಾಸ ಜೂನಿನಲ್ಲಿ. ಜುಲೈಗೆ ಮೊದಲು ಅವನಿಗೆ ಆ ಬಂದರು ತೋರಿಸಬೇಕು. ಆದರೆ ಪರದೇಶದ ಪೇಟೆಯಲ್ಲಿ ಅವನ ಕೈ ತಪ್ಪಿದರೆ?

ಬಸ್ಸಿನ ಸೀಟು ಬೇಕೋ ಬೇಡವೋ ಎಂದು ಸೋಮವಾರದೊಳಗೆ ತಿಳಿಸಬೇಕಿತ್ತು. ಶನಿವಾರ ಅವಳು ಲಂಡನ್ನಿನಲ್ಲೇ ಒಂದು ತಾಲೀಮು ಇಟ್ಟುಕೊಂಡಳು. ಥೇಮ್ಸ್ ನದಿಯಲ್ಲಿ ಕಟ್ಟಿಹಾಕಿರುವ ಹಳೆಯ ಯುದ್ಧನೌಕೆ ಅವರ ಹಡಗು. ‘ಬರೋ ಮಾರ್ಕೆಟ್’ ಎಂಬ ಹಳೆಯ ಸಂತೆಯೇ ವೀಗೊದ ಮೀನುಪೇಟೆ. ನಡುವೆ ಹದಿನೈದು ನಿಮಿಷದ ದಾರಿ. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದ್ದಳು: ಎರಡು ಗಂಟೆಗೆ ಇಳಿಯುವುದು. ಮೂರೂವರೆಗೆ ಹಡಗು. ತಪ್ಪಿಸಿಕೊಂಡವರು ಹುಡುಕುತ್ತ ನಿಲ್ಲಬಾರದು, ನೇರ ಹಡಗಿಗೆ ಬರಬೇಕು.

ಭೋಜನಿಗೆ ನಗು. "ಹಡಗ್ ಹತ್ತೂಕೂ ಟ್ಯೂಷನ್ನಾ ಮಾರಾಯ್ತಿ?"

"ನೆಗಾಡ್ಬೇಡಿ. ಎಲ್ಲಿಗೆ ವಾಪಸ್ ಬರ್ಕ್ ಹೇಳಿ ಕಾಂಬ."

"ಆ ಬೂದಿ ಬಣ್ಣದ ಹಡಗಿನೆದ್ರ್ ಬೆಂಚಿಗೆ. ಮೂರೂವರೆಗೆ. ಅಲ್ದಾ?"

ಮಾರುಕಟ್ಟೆಯಲ್ಲಿ ಶನಿವಾರದ ಜನಜಂಗುಳಿ. ಮೀನಿನಂಗಡಿಯ ಮುಂದೆ ಅವನನ್ನು ನಿಲ್ಲಿಸಿ, "ನಂಗೆ ಚೂರ್ ಕೆಲಸ ಇತ್ತ್. ನೀವ್ ಮೀನ್ ಕಂಡಿ, ನಿಮ್ಮಷ್ಟಕ್ಕೇ ಬೆಂಚಿಗೆ ಬನ್ನಿ, ಆಯ್ತಾ?" ಎಂದಳು. ಕೆಲಸವೇನೂ ಇರಲಿಲ್ಲ. ಚೀಸಿನ ಅಂಗಡಿಯ ಪಕ್ಕದ ಕಂಬದ ಹಿಂದೆ ನಿಂತು ಅವನ ನೀಲಿ ಟೋಪಿಯನ್ನೇ ನೋಡತೊಡಗಿದಳು. ಶಾಲಾ ಮಕ್ಕಳ ಗುಂಪೊಂದು ನಡುವೆ ಹಾದುಹೋಯಿತು. ಗುಂಪು ಸರಿದಾಗ ಟೋಪಿ ಇರಲಿಲ್ಲ.

ಕಂಬದ ಹಿಂದಿನಿಂದ ಹೊರಗೆ ಬಂದಳು. ಅಷ್ಟರಲ್ಲಿ ಅವಳ ಫೋನು ಮೊಳಗಿತು.

"ಪ್ರಫುಲ್ಲಾ, ಹಾಂಗಾರೆ ನಾ ಬತ್ತೆ," ಎಂದ ಭೋಜ.

"ಆಯ್ತ್, ಬನ್ನಿ," ಎಂದಳು. ಫೋನು ಕಟ್ಟಾಯಿತು.

ಅಂದರೆ ತಾನು ಹೇಳಿದ್ದೆಲ್ಲ ಅವನಿಗೆ ಮರೆತಿದೆ, ಬೆಂಚಿಗೆ ಹೋಗುವುದು ಬಿಟ್ಟು ತನ್ನನ್ನು ಹುಡುಕಿಕೊಂಡು ಬರುತ್ತಿದ್ದಾನೆ ಎಂದುಕೊಂಡಳು. ಆದರೂ ಬರುತ್ತಾನಲ್ಲ. ಮೀನಿನಂಗಡಿಯ ಮುಂದೆ ಹೋಗಿ ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಫೋನು ಮಾಡಿದರೆ ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್ ಎಂದಿತು. ಮಂಜುಗಡ್ಡೆಯ ಮೇಲಿದ್ದ ಮೀನುಗಳ ಕಣ್ಣುಗಳೆಲ್ಲ ಅವಳನ್ನೇ ನೋಡುತ್ತಿದ್ದವು.

ಮೂರು ಗಂಟೆ. ನೀಲಿ ಟೋಪಿಗಳು ಲಂಡನ್ನಿನಲ್ಲಿ ಇಷ್ಟೊಂದಿವೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಬ್ಬನ ತೋಳು ಹಿಡಿದೇಬಿಟ್ಟಳು; ಅವನು "ಯು ಆಲ್ರೈಟ್, ಲವ್?" ಎಂದ. ಮೂರೂವರೆಯೂ ಕಳೆಯಿತು. ನೋಟ್‌ಬುಕ್ಕಿನ ನಿಯಮ ಅವಳಿಗೆ ಬಾಯಿಪಾಠವಿತ್ತು, ಬರೆದವಳೂ ಅವಳೇ. ಆದರೂ ಕಾಲು ಏಳಲಿಲ್ಲ. ಬತ್ತೆ ಎಂದಿದ್ದಾನೆ. ಅವನು ಬಂದಾಗ ತಾನಿಲ್ಲಿ ಇಲ್ಲದಿದ್ದರೆ? ಪಕ್ಕದ ಚರ್ಚಿನ ಅಂಗಳ, ಸೇತುವೆಯ ಕೆಳಗಿನ ಕತ್ತಲು ದಾರಿ, ಗಂಡಸರ ಟಾಯ್ಲೆಟ್ಟಿನ ಬಾಗಿಲು, ಎಲ್ಲವನ್ನೂ ನೋಡಿ ಮತ್ತೆ ಅಲ್ಲಿಗೇ ಬಂದಳು. ಸೇತುವೆಯ ಕಡೆಯಿಂದ ಆಂಬುಲೆನ್ಸಿನ ಕೂಗು ಕೇಳಿತು. ಅಲ್ಲಿ ನದಿ ಇದೆ ಎಂಬುದು ಆಗ ನೆನಪಾಯಿತು.

ಆಗ ಓಡಿದಳು.

ಭೋಜ ಬೆಂಚಿನ ಮೇಲಿದ್ದ. ಮಂಡಿಗಳನ್ನು ಜೋಡಿಸಿ, ಬಸ್ಸಿಗೆ ಕಾಯುವವನಂತೆ ನೆಟ್ಟಗೆ ಕೂತಿದ್ದ.

"ಹಡಗ್ ಹೋಯ್ತಲೆ ಪ್ರಫುಲ್ಲಾ," ಎಂದ. "ನಾನೊಬ್ನೇ ಹತ್ತಿದ್ದ್. ನೀ ವೀಗೊದಗೇ ಬಾಕಿ."

ಅವಳು ಬೆಂಚಿನ ಬೆನ್ನು ಹಿಡಿದು ನಿಂತಳು. "ಬತ್ತೆ ಅಂದ್ರಿ! ನಾ ಅಲ್ಲಿ ಮರದಾಂಗೆ ನಿಂತ್ ಕಾಯ್ತಿದ್ದೆ! ಬತ್ತೆ ಅಂದೇಳಿ ಇಲ್ಲಿಗೆ ಬಂದ್ ಕೂಕಂಬುದಾ?"

"ಮತ್ತೆಂತ ಹೇಳುದ್? ಹೊರ್ಡುವಾಗ ಬತ್ತೆ ಅಂತಲೇ ಅಲ್ದಾ ಹೇಳುದ್?"

"ಹೋತೆ ಅನ್ಕಿತ್ತ್."

ಭೋಜನ ಮುಖ ಸಣ್ಣಗಾಯಿತು. "ಥೋ, ಹೆಂಡ್ತಿ ಹತ್ರ ಹೋತೆ ಅಂತ ಹೇಳುದಾ? ನಂಗಾತಿಲ್ಲ."

ಅವಳು ಪಕ್ಕದಲ್ಲಿ ಕುಸಿದು ಕೂತಳು. ದಾರಿ ಮರೆತವನು ಅವನಲ್ಲ, ಹಡಗು ತಪ್ಪಿಸಿಕೊಂಡವಳು ತಾನು. ನಗಬೇಕೆನಿಸಿತು. ಫೋನಿನ ಕರೆ ಬಂದ ಹೊತ್ತನ್ನು ನೋಡಿದಳು. ಎರಡೂ ಇಪ್ಪತ್ತೆಂಟು. ಅವನನ್ನು ಬಿಟ್ಟು ಕಂಬದ ಹಿಂದೆ ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ.

"ಅಷ್ಟ್ ಬೇಗ ಎಂತಕ್ಕೆ ಬಂದ್ರಿ? ಮೀನ್ ಕಂಡ್ರ್ಯಾ?"

ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಇಲ್ಲ."

"ಎಂತಕ್ಕೆ?"

"ಮೀನ್ ಕಾಂತಾ ನಿಂತ್ರೆ ದಾರಿ ಮರ್ತ್ ಹೋತ್ ಅಂದೇಳಿ." ಟೋಪಿಯ ಅಂಚನ್ನು ತಿರುವಿದ. "ನೀ ಪರೀಕ್ಷೆ ಮಾಡುದ್ ಗೊತ್ತಿತ್ತ್ ನಂಗೆ. ಆ ಡಾಕ್ಟ್ರಮ್ಮ ಗಡಿಯಾರ ಬರ್ಸಿದಾಂಗೆ. ಬಾಯಲ್ಲಿ ಎಡಕ್ಕೆ, ಮೆಟ್ಲು, ಬಲಕ್ಕೆ ಅಂತ ಹೇಳ್ಕಂಡೇ ಬಂದೆ. ಫೋನ್ ಬಡ್ಕಂಡ್ರೂ ಎತ್ಲಿಲ್ಲ, ಆಫೇ ಮಾಡ್ದೆ. ಮಾತಾಡ್ರೆ ತಪ್ಪಿ ಹೋತ್."

ಪ್ರಫುಲ್ಲಾ ನದಿಯ ಕಡೆ ನೋಡಿದಳು. ಇಷ್ಟು ದಿನ ಈ ಹೆದರಿಕೆ ತನ್ನೊಬ್ಬಳದೇ ಎಂದುಕೊಂಡಿದ್ದಳು. ಅವನೂ ಅದನ್ನೇ ಹೊತ್ತು, ಅವಳಿಗೆ ಕಾಣದ ಹಾಗೆ ಜೋಕು ಮಾಡುತ್ತ ಓಡಾಡಿದ್ದ. ಹೀಗೆ ಹೋದರೆ ವೀಗೊದಲ್ಲೂ ಇಷ್ಟೇ. ಹಡಗಿನಿಂದ ಇಳಿದು, ಹಡಗಿಗೆ ವಾಪಸು ಬರುವುದನ್ನೇ ಜಪಿಸುತ್ತ, ಏನನ್ನೂ ನೋಡದೆ ಬರುತ್ತಾನೆ.

"ಏಳಿ," ಎಂದಳು.

"ಎಲ್ಲಿಗೆ? ಹಡಗ್ ಹೋಯ್ತಲ್ಲ."

"ಹೋಯ್ಲಿ. ಮೀನ್ ಕಂಡ್ಕಂಡ್ ಬಪ್ಪ. ದಾರಿ ನಾ ನೆನಪಿಟ್ಕಂತೆ. ವೀಗೊದಗೂ ಹೀಂಗೇ. ಬಸ್ಸೂ ಬೇಡ, ಪರೀಕ್ಷೆಯೂ ಬೇಡ."

"ಹಡಗ್ ಬಿಟ್ ಹೋರೆ?"

"ಇಬ್ರನ್ನೂ ಒಟ್ಟಿಗೇ ಬಿಟ್ ಹೋಯ್ಲಿ."

ಅವನ ಕೈಗೆ ಕೈ ಸೇರಿಸಿದಳು. ಮದುವೆಯಾದ ಮೂವತ್ತು ವರ್ಷಗಳಲ್ಲಿ ಬೀದಿಯಲ್ಲಿ ಹಾಗೆ ಕೈ ಹಿಡಿದು ನಡೆದವರಲ್ಲ ಅವರು.

ಮಾರುಕಟ್ಟೆಯ ಮೀನಿನಂಗಡಿಯವನು ಬಾಗಿಲು ಹಾಕುವ ಸಿದ್ಧತೆಯಲ್ಲಿದ್ದ. ಭೋಜ ಮಂಜುಗಡ್ಡೆಯ ಮುಂದೆ ಬಾಗಿ, ಇಂಗ್ಲಿಷಿನ ಚೀಟಿಗಳನ್ನು ಬದಿಗೆ ಸರಿಸಿದವನಂತೆ ಊರಿನ ಹೆಸರುಗಳನ್ನು ಹೇಳತೊಡಗಿದ. "ಇದ್ ಬಂಗ್ಡಿ. ಇದ್ ನಂಗ್ ಮೀನ್, ನಮ್ ಊರಿದ್ದಕ್ಕಿಂತ ದೊಡ್ಡದ್. ಇದ್ ಬೈಗಿ, ಅಲ್ಲ, ಬೈಗಿಯಂಥದ್ದ್." ದನಿಯಲ್ಲಿ ಹೋಟೆಲಿನ ದಿನಗಳ ಗತ್ತು ಬಂದಿತ್ತು. ಕೊನೆಯ ತಟ್ಟೆಯಲ್ಲಿ ಸಿಗಡಿ ಇತ್ತು. ಅವನು ಬೆರಳು ಚಾಚಿದ.

"ಇದ್..."

ಬೆರಳು ಗಾಳಿಯಲ್ಲೇ ನಿಂತಿತು. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಅಂಗಡಿಯವನು ಸಲಿಕೆಯಿಂದ ಮಂಜುಗಡ್ಡೆ ಗೋರತೊಡಗಿದ. ಹೆಸರು ಪ್ರಫುಲ್ಲಾಳ ನಾಲಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ. ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಅವಸರವಿಲ್ಲದವಳ ಹಾಗೆ ನಿಂತಳು.