ಬೂದು ಕೋಟಿನ ರಫೂ

ನಮ್ಮನೆಯವರು ರಫೂಗಾರರು. ಹರಿದ ಬಟ್ಟೆಗೆ, ಸುಟ್ಟ ಬಟ್ಟೆಗೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ಸೂಜಿಯಲ್ಲೇ ಮತ್ತೆ ನೇಯ್ದು, ತೂತು ಇತ್ತೆಂಬ ಸುಳಿವೇ ಸಿಗದ ಹಾಗೆ ಮಾಡುವುದು ಅವರ ಕೆಲಸ. ನಲವತ್ತು ವರ್ಷ ಒಂದೇ ಕಿಟಕಿಯ ಪಕ್ಕ ಕೂತು ಅದನ್ನೇ ಮಾಡಿದರು. ಕಂಡರೆ ಕೆಟ್ಟಿತು, ಕಾಣದಿದ್ದರೆ ಗೆದ್ದಿತು. ಹೀಗಾಗಿ ಯಾರೂ ಯಾವತ್ತೂ ಇವರ ಕೆಲಸವನ್ನು ನೋಡಿಲ್ಲ. ನೋಡಲು ಏನೂ ಇರುತ್ತಿರಲಿಲ್ಲ.

ಮುಗಿದ ಪ್ರತಿ ರಫೂವನ್ನೂ ನನ್ನ ಮುಂದೆ ಹಿಡಿದು ಒಂದೇ ಮಾತು ಕೇಳುತ್ತಿದ್ದರು: “ಕಾಣತ್ತಾ?” ನಾನು ಕೈಯಲ್ಲಿದ್ದ ಸೌಟು ಬಿಟ್ಟು ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ “ಇಲ್ಲ” ಎಂದರೆ ಗಿರಾಕಿಗೆ ಹೋಗುತ್ತಿತ್ತು. “ಕಾಣತ್ತೆ” ಎಂದೆನೋ, ಮುಗಿಯಿತು. ಅಷ್ಟನ್ನೂ ಬಿಚ್ಚಿ ಮೊದಲಿಂದ ಶುರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆಯುತ್ತಿದ್ದ ಇವರು ಈ ಒಂದು ವಿಷಯದಲ್ಲಿ ಮಾತ್ರ ನನಗೆ ಎದುರಾಡಿದವರಲ್ಲ. ನಾನೂ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಅವರ ಕಣ್ಣು ಹೋಗಿದ್ದು ಆ ಕೆಲಸದಿಂದಲೇ ಎಂದು ನಾನನ್ನುತ್ತೇನೆ. ವಯಸ್ಸಿನಿಂದ ಎಂದು ಡಾಕ್ಟರು ಅನ್ನುತ್ತಾರೆ. ಹೋದ ತಿಂಗಳು ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಇನ್ನು ಇಷ್ಟೇ. ಇರೋದನ್ನ ಉಳಿಸ್ಕೊಳ್ಳಿ,” ಅಂದುಬಿಟ್ಟರು. ಇದ್ದದ್ದಾದರೂ ಎಷ್ಟು? ಎದುರಿಗೆ ಬಂದವರು ಗಂಡೋ ಹೆಣ್ಣೋ ಎಂದು ತಿಳಿಯುವಷ್ಟು. ಸೂಜಿಯ ಕಥೆ ಅಲ್ಲಿಗೆ ಮುಗಿದಿತ್ತು.

ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಎದುರಿಗೇ ಒಂದು ಆರ್ಟ್ ಗ್ಯಾಲರಿ. ಒಳಗೆ ತಂಪು, ಬಾತ್‌ರೂಮೂ ಇತ್ತು, ಟಿಕೆಟ್ ಇರಲಿಲ್ಲ. ಕಲೆಯ ಮೇಲಿನ ಪ್ರೀತಿಯಿಂದೇನೂ ನಾವು ಹೋಗಲಿಲ್ಲ. ಮೊದಲ ಕೋಣೆಯಲ್ಲಿ ಮುರಿದ ಕುರ್ಚಿಗಳ ರಾಶಿ. ಅಂಥದ್ದು ನಮ್ಮ ಅಟ್ಟದಲ್ಲೂ ಇದೆ, ಇಲ್ಲಿಯವರೆಗೆ ಯಾರೂ ಬಂದು ಅದರ ಮುಂದೆ ಕೈಕಟ್ಟಿ ನಿಂತಿಲ್ಲ. ಎರಡನೆಯ ಕೋಣೆಗೆ ಕಾಲಿಟ್ಟವಳು ಹಾಗೇ ನಿಂತೆ.

ಹಳೆಯ ಕೋಟುಗಳು. ಇಪ್ಪತ್ತೋ ಮೂವತ್ತೋ, ಮೇಲಿನಿಂದ ತೂಗುಬಿಟ್ಟಿದ್ದರು. ಪ್ರತಿಯೊಂದರಲ್ಲೂ ರಫೂ ಮಾಡಿದ ಜಾಗ ಹುಡುಕಿ ಸುತ್ತ ಕೆಂಪು ದಾರದಿಂದ ವೃತ್ತ ಹೊಲಿದಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಲಾವಿದನ ಹೆಸರು. ಕೆಳಗೆ ಸಣ್ಣದಾಗಿ, ‘ಹೆಸರು ತಿಳಿಯದ ಕೈಗಳಿಗೆ’. ನನಗೆ ಮೈಯೆಲ್ಲ ಉರಿಯಿತು. ಜನ್ಮವಿಡೀ ಕಷ್ಟಪಟ್ಟು ಮುಚ್ಚಿದ್ದನ್ನು ಹೀಗೆ ಗುರುತು ಹಾಕಿ ತೋರಿಸುವುದೇ? ಹೆಸರು ಕೇಳಿದ್ದರೆ ತಾನೇ ತಿಳಿಯುವುದು!

“ಏನಿದೆಯೇ ಇಲ್ಲಿ?” ಇವರು ಕೇಳಿದರು.

ಹೇಳಿದೆ. “ಅರೆಬರೆ ಮಾಡಿದ್ದೇ ಸಿಕ್ಕಿರತ್ತೆ ಬಿಡು,” ಎಂದು ನಕ್ಕರು. “ಚೆನ್ನಾಗಿ ಮಾಡಿದ್ದು ಹೇಗೆ ಸಿಗತ್ತೆ?”

ಆಗ ಬೂದು ಕೋಟು ಕಣ್ಣಿಗೆ ಬಿತ್ತು. ಮೂರನೆಯ ಗುಂಡಿ ನಾನು ಹಾಕಿದ್ದು. ಜೋಡಿ ಸಿಗದೆ ಸ್ವಲ್ಪ ಕಂದು ಬಣ್ಣದ್ದನ್ನೇ ಹೊಲಿದಿದ್ದೆ. ಅದು ನಮ್ಮೂರಿನ ವಕೀಲರೊಬ್ಬರ ಕೋಟು. ಎದೆಯ ಮೇಲೆ ಸಿಗರೇಟಿನ ಕಿಡಿ ಬಿದ್ದು ಕಡಲೆಕಾಳಿನಷ್ಟಗಲ ಸುಟ್ಟಿತ್ತು. ಇವರು ಹನ್ನೊಂದು ದಿನ ಅದರ ಮುಂದೆ ಕೂತಿದ್ದರು. ವಕೀಲರು ಬಂದು ಹುಡುಕಿ ಹುಡುಕಿ, “ತೂತು ಎಲ್ಲಿತ್ತು ಸ್ವಾಮಿ?” ಎಂದು ಕೇಳಿದ ಕಥೆಯನ್ನು ಇವರ ಬಾಯಿಂದ ಸಾವಿರ ಸಲ ಕೇಳಿದ್ದೇನೆ. ವಕೀಲರು ತೀರಿಹೋದ ಮೇಲೆ ಕೋಟು ಗುಜರಿಗೆ ಬಿದ್ದು ಇಲ್ಲಿಗೆ ಬಂದಿರಬೇಕು. ಕೆಂಪು ವೃತ್ತ ಇದ್ದದ್ದು ಮೊಣಕೈ ಹತ್ತಿರ, ಇನ್ಯಾರೋ ಮಾಡಿದ ಒರಟು ಕೆಲಸಕ್ಕೆ. ಎದೆಯ ಮೇಲೆ ಒಂದೂ ಇರಲಿಲ್ಲ.

“ಆ ವಕೀಲರ ಕೋಟು ರೀ!” ಎಂದೆ.

ಬೆಳಗ್ಗೆಯಿಂದ ಮೊದಲ ಸಲ ಇವರ ಮುಖ ಅರಳಿತು. ನಾನು ಕೈ ಹಿಡಿದು ತೋರಿಸಿದ ಕಡೆ ಬೆರಳು ಚಾಚಿ ಸವರಿದರು.

“ಮುಟ್ಟಬೇಡಿ ಸರ್!” ಅಲ್ಲಿನ ಉಸ್ತುವಾರಿಯ ಹುಡುಗಿ ಓಡಿ ಬಂದಳು.

ಇವರಿಗೆ ಹೆಸರಿನ ಹಂಬಲ ಇಲ್ಲವೆಂದೇ ನಾನು ತಿಳಿದಿದ್ದೆ. ಇತ್ತು. “ಇದು ನನ್ನ ಕೆಲಸ ಕಣಮ್ಮ,” ಎಂದರು. “ಎದೆ ಮೇಲೆ, ಎರಡನೇ ಗುಂಡಿಯಿಂದ ನಾಲ್ಕು ಬೆರಳು ಈಚೆ. ನೋಡು. ಇನ್ನು ನಾನು ಮಾಡೋದಂತೂ ಇಲ್ಲ, ಇದೊಂದನ್ನಾದ್ರೂ ಯಾರಾದ್ರೂ ನೋಡ್ಲಿ.”

ಹುಡುಗಿ ಒಳ್ಳೆಯವಳೇ. ಭೂತಗನ್ನಡಿ ತಂದಳು, ಮೊಬೈಲಿನ ಬೆಳಕು ಬಿಟ್ಟಳು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ನೋಡಿದಳು. “ಇಲ್ಲೇನೂ ಇಲ್ವಲ್ಲ ಸರ್. ಬಟ್ಟೆ ಸರಿಯಾಗೇ ಇದೆ. ನೀವು ಹೇಳ್ತಿರೋದು ಬೇರೆ ಕೋಟಿರಬೇಕು.”

“ಬೇರೆ ಹೇಗಾಗತ್ತೆ? ಆ ಗುಂಡಿ ಹಾಕಿದ್ದೇ ನಾನು,” ಎಂದೆ.

“ಗುಂಡಿ ಎಲ್ಲಾ ಕೋಟಿಗೂ ಇರತ್ತಲ್ಲಮ್ಮ,” ಎಂದಳು ಮೆಲ್ಲಗೆ, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ನಗು ನೆನೆದರೆ ಈಗಲೂ ಅವರ ಕೆನ್ನೆಗೆ ಬಾರಿಸಬೇಕೆನಿಸುತ್ತದೆ.

ಇವರು ನನ್ನ ಕಡೆ ತಿರುಗಿದರು. “ನೀನು ನೋಡೇ. ಕಾಣತ್ತಾ?”

ನೋಡಿದೆ. ಬೂದು ಬಟ್ಟೆ, ಅಷ್ಟೇ. ಒಂದೇ ಒಂದು ಎಳೆ ಅತ್ತಿತ್ತ ಇರಲಿಲ್ಲ. ಆದರೆ ನಗುವವರ ಮುಂದೆ ನನ್ನ ಗಂಡ ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

“ಕಾಣತ್ತೆ ರೀ,” ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. “ಚೆನ್ನಾಗೇ ಕಾಣತ್ತೆ.”

ಏನು ಆಡಿದೆನೆಂದು ಆಡಿದ ಮೇಲೆ ತಿಳಿಯಿತು. ಅವರ ಕೈ ನಿಧಾನವಾಗಿ ಕೆಳಗಿಳಿಯಿತು. ಹುಡುಗಿಗೆ “ತಪ್ಪಾಯ್ತಮ್ಮ” ಎಂದು ಹೇಳಿ, ಗೋಡೆ ಸವರಿಕೊಂಡು ಬಾಗಿಲ ಕಡೆ ಹೊರಟರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಾಯಿ ಒಣಗುವಷ್ಟು ಹೇಳಿದೆ. ಸುಳ್ಳು ಹೇಳಿದೆ ರೀ, ಅಲ್ಲಿ ಏನೂ ಕಾಣಲಿಲ್ಲ, ನಿಮ್ಮಾಣೆ. ನಂಬಲಿಲ್ಲ. ಹೇಗೆ ನಂಬಿಯಾರು? ನಲವತ್ತು ವರ್ಷ ನಿಜವನ್ನೇ ಹೇಳಿ ಅವರನ್ನು ಹಾಗೆ ಪಳಗಿಸಿದವಳು ನಾನೇ.

“ಇರ್ಲಿ ಬಿಡು,” ಎಂದರು ಕೊನೆಗೆ, ತಮ್ಮ ಅಂಗಿಯ ಅಂಚನ್ನು ಬೆರಳಲ್ಲಿ ತಿಕ್ಕುತ್ತಾ. “ಬಿಚ್ಚಿ ಮತ್ತೆ ಮಾಡೋಣ ಅಂದ್ರೆ ಈಗ ಕಣ್ಣಿಲ್ವಲ್ಲೇ.”