ನಿಂತುಹೋದ ಓಟದಲ್ಲಿ ಮುಂದಿದ್ದವನು

ನಮ್ಮ ಕೂಟಕ್ಕೆ ಹೊಸಬರು ಯಾರೇ ಬಂದರೂ ನಾವು ಮೊದಲು ಕೇಳುವುದು ಹೆಸರನ್ನಲ್ಲ, "ಎಲ್ಲಿ ನಿಲ್ತಿದ್ರಿ?" ಎಂದು. ಮಾರ್ಸ್‌ಬಿಯ ಸ್ಪೀಡ್‌ವೇ ಮೈದಾನವನ್ನು ಕೆಡವಿ ಟೈರಿನ ಗೋದಾಮು ಕಟ್ಟಿ ಎಷ್ಟೋ ಕಾಲವಾಯಿತು. ಆದರೂ ಮೂರನೆಯ ತಿರುವಿನವರು ಇಂದಿಗೂ ಮೂರನೆಯ ತಿರುವಿನವರೇ. ಮೊದಲನೆಯ ತಿರುವಿನವರಿಗೂ ನಮಗೂ ಇಂದಿಗೂ ಅಷ್ಟಕ್ಕಷ್ಟೆ. ಬ್ರೇಕಿಲ್ಲದ ನಾಲ್ಕು ಮೋಟಾರ್ ಬೈಕುಗಳು, ನಮ್ಮವು ಎರಡು, ಎದುರು ತಂಡದವು ಎರಡು, ಸವಾರರ ಎಡಗಾಲಿನ ಉಕ್ಕಿನ ಜೋಡು ನೆಲಕ್ಕೆ ಉಜ್ಜುತ್ತ, ಅಡ್ಡಡ್ಡವಾಗಿ ಜಾರಿಕೊಂಡು ಬರುವಾಗ ಎದ್ದು ಹಾರುವ ಕೆಂಪು ಪುಡಿಮಣ್ಣನ್ನು ಶುಕ್ರವಾರ ಶುಕ್ರವಾರ ಬಾಯಿತುಂಬ ತಿಂದವರು ನಾವು. ಅಂಗಿ ಕೊಳೆಯಾದೀತೆಂದು ಹೆದರುವವರೇ ಮೊದಲನೆಯ ತಿರುವಿನಲ್ಲಿ ನಿಲ್ಲುತ್ತಿದ್ದದ್ದು ಎಂಬ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಲು ಇದುವರೆಗೆ ಯಾವ ಕಾರಣವೂ ಸಿಕ್ಕಿಲ್ಲ.

ಕೂಟ ಸೇರುವುದು ಕಾರ್ಮಿಕರ ಕ್ಲಬ್ಬಿನ ಮಹಡಿಯ ಮೇಲೆ, ತಿಂಗಳಿಗೊಮ್ಮೆ ಬುಧವಾರ ಮಧ್ಯಾಹ್ನ. ಯಜಮಾನಿಕೆ ನಾರ್ಮನ್ ಪಿಕಪ್‌ನದು. ಅಂಚೆ ಹಂಚಿ ನಿವೃತ್ತನಾದ ಅವನು ಮೊದಲು ವಿದ್ಯುತ್ ಒಲೆಯ ಕಾದ ತಟ್ಟೆಯ ಮೇಲೆ ಒಂದು ತೊಟ್ಟು ಹರಳೆಣ್ಣೆ ಬಿಡುತ್ತಾನೆ. ಆಗಿನ ಬೈಕುಗಳ ಎಂಜಿನ್ನಿಗೆ ಹಾಕುತ್ತಿದ್ದದ್ದು ಅದನ್ನೇ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡಿ ನೋವಿನ ಮಾತು ನಿಂತು ಓಟದ ಮಾತು ಶುರುವಾಗುತ್ತದೆ. ಚಹಾ ನನ್ನದು. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ಕಳೆದವಳಿಗೆ ಬೇರೆಯವರು ಮಾಡಿದ ಚಹಾ ಹಿಡಿಸುವುದಿಲ್ಲ.

ಮೇವಿಸ್ ಲಡ್ಲಮ್ ಆ ಕೋಣೆಗೆ ಬಂದದ್ದು ಹೋದ ಚಳಿಗಾಲದಲ್ಲಿ. ತೆಳ್ಳಗಿನ ಹೆಂಗಸು, ಎಂಬತ್ತರ ಹತ್ತಿರ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬನ್ನಿ ಬನ್ನಿ, ಎಲ್ಲಿ ನಿಲ್ತಿದ್ರಿ?" ಎಂದು ನಾರ್ಮನ್ ಕೇಳಿದ.

"ಎಲ್ಲೂ ಇಲ್ಲ. ನಾನು ಒಂದು ದಿನಾನೂ ಬಂದವಳಲ್ಲ."

ಮೈದಾನಕ್ಕೆ ಒಂದು ದಿನವೂ ಬಾರದವಳಿಗೆ ನೆನಪುಗಳ ಕೂಟದಲ್ಲಿ ಏನು ಕೆಲಸ? ಆದರೆ ಅವಳು ಬಂದು ಕೂತಳು, ಚಹಾ ಕುಡಿದಳು, ಎಲ್ಲರ ಮಾತನ್ನೂ ಕಿವಿಗೊಟ್ಟು ಕೇಳಿದಳು, ಎದ್ದು ಹೋದಳು. ಮುಂದಿನ ತಿಂಗಳೂ ಬಂದಳು. ಅದರ ಮುಂದಿನ ತಿಂಗಳೂ.

ನನಗೆ ತಡೆಯಲಾಗಲಿಲ್ಲ. ಮೂಗು ತೂರಿಸುವುದು ನನ್ನ ಹುಟ್ಟುಗುಣ, ಅದಕ್ಕೆ ನಾಚಿಕೆಪಡುವ ವಯಸ್ಸು ದಾಟಿದೆ. ನಾರ್ಮನ್ನನ ಮೇಲೆ ಕಣ್ಣಿರಬಹುದೇ ಎಂದುಕೊಂಡೆ, ಆದರೆ ನಾರ್ಮನ್ನನನ್ನು ಇನ್ನೊಮ್ಮೆ ನೋಡಿದ ಮೇಲೆ ಆ ಅನುಮಾನ ಹೋಯಿತು. ಹೆಸರಿನಿಂದ ಒಂದು ಎಳೆ ಮಾತ್ರ ಸಿಕ್ಕಿತ್ತು. ನಮ್ಮ ತಂಡದಲ್ಲಿ ಡೆರೆಕ್ ಲಡ್ಲಮ್ ಎಂಬ ಬದಲಿ ಸವಾರನೊಬ್ಬ ಮೂರು ವರ್ಷ ಇದ್ದ. ಹಗಲು ಕೊಳಾಯಿ ರಿಪೇರಿ, ಶುಕ್ರವಾರ ಸಂಜೆ ಓಟ. ಯಾರಿಗಾದರೂ ಪೆಟ್ಟಾದರೆ ಇವನನ್ನು ಇಳಿಸುತ್ತಿದ್ದರು, ಇವನು ತಪ್ಪದೆ ಕೊನೆಯವನಾಗಿ ಬರುತ್ತಿದ್ದ. ಆದರೆ ಮಾತಿನಲ್ಲಿ ಅವನನ್ನು ಹಿಂದೆ ಹಾಕುವವರೇ ಇರಲಿಲ್ಲ. ಅವನು ಗಾಳ ಹಾಕಿ ಹಿಡಿದ ಮೀನು ಒಂದೊಂದು ಸಲ ಹೇಳಿದಾಗಲೂ ಒಂದೊಂದು ಗೇಣು ಬೆಳೆಯುತ್ತಿತ್ತು. ಕೂಟದಲ್ಲಿ ಅವನ ಹೆಸರನ್ನು ಯಾರೂ ಎತ್ತಿದ್ದೇ ಇಲ್ಲ.

ನಾಲ್ಕನೆಯ ಸಲ ಬಂದಾಗ ಬೇಕೆಂದೇ ಅವಳ ಕೈಗೆ ಒರೆಸುವ ಬಟ್ಟೆ ಕೊಟ್ಟು ಕಪ್ಪು ತೊಳೆಯುವ ಕಡೆ ಕರೆದುಕೊಂಡು ಹೋದೆ.

"ನೀವು ಡೆರೆಕ್ಕನ ಮನೆಯವರು ತಾನೆ?"

"ಹೌದು. ಹೋದ ವರ್ಷ ಹೋಗ್ಬಿಟ್ಟ."

"ಅಯ್ಯೋ, ಪಾಪ. ಅವನನ್ನ ನೆನಪಿಸ್ಕೊಳ್ಳೋಕೆ ಬರ್ತೀರಾ?"

"ಇಲ್ಲ ಐಲೀನ್. ಒಂದು ವಿಷಯ ಗೊತ್ತಾಗ್ಬೇಕಿತ್ತು" ಎಂದು ಕಪ್ಪನ್ನು ಒರೆಸುತ್ತಲೇ ಹೇಳತೊಡಗಿದಳು.

ಅವಳು ಕೆಲಸಕ್ಕಿದ್ದದ್ದು ಮಿಲ್ ರಸ್ತೆಯ ಕರಿದ ಮೀನಿನ ಅಂಗಡಿಯಲ್ಲಿ. ಶುಕ್ರವಾರ ಸಂಜೆ ಅಲ್ಲಿ ಉಸಿರಾಡಲು ಪುರುಸೊತ್ತಿರದು, ಹಾಗಾಗಿ ಗಂಡನ ಓಟವನ್ನು ಅವಳು ನೋಡಿದ್ದೇ ಇಲ್ಲ. ನೋಡಿದ್ದು ಓಟ ಮುಗಿಸಿ ಬರುವ ಗಂಡನನ್ನು, ಅವನ ಕಿವಿಯೊಳಗಿನ ಕೆಂಪು ಮಣ್ಣನ್ನು. ಅವನ ಚರ್ಮದ ಉಡುಪನ್ನು ಶನಿವಾರ ಹಿತ್ತಲಲ್ಲಿ ಕೆರೆದು ಒರೆಸುವವಳು ಅವಳೇ. ಒಂದು ಮಳೆಯ ಶುಕ್ರವಾರ ಅವನು ಅಂಗಡಿಗೆ ಓಡಿಬಂದ. ಗಿರಾಕಿಗಳ ಸಾಲು ಬೀದಿಯವರೆಗೆ ಇತ್ತು. ಅಷ್ಟು ಜನರ ತಲೆಯ ಮೇಲಿಂದ ಕೂಗಿದ: "ಮೇವಿಸ್, ಇವತ್ತು ಮುಂದೆ ಇದ್ದೆ ಕಣೇ! ಟೆರಿ ಹೋಲ್ರಾಯ್ಡ್‌ಗಿಂತ, ಎದುರು ತಂಡದ ಇಬ್ಬರಿಗಿಂತ, ಎಲ್ಲರಿಗಿಂತ ಒಂದು ಬೈಕಿನಷ್ಟು ಮುಂದೆ!"

"ನಾನು ಕೇಳ್ದೆ, ಹೌದಾ, ಕನಸಿಂದ ಯಾವಾಗ ಎಚ್ಚರ ಆಯ್ತು? ಅಂತ. ಸಾಲಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ರು. ಅವನೂ ನಕ್ಕ. ಮೀನು ಇಸ್ಕೊಂಡು ಹೋದ. ಸಾಯೋವರೆಗೂ ಮತ್ತೆ ಆ ಮಾತು ಎತ್ತಲಿಲ್ಲ, ಐಲೀನ್. ಇಲ್ಲದ ಮೀನಿನ ಕಥೆ ನೂರು ಸಲ ಹೇಳ್ದವನು, ಇದನ್ನ ಮಾತ್ರ ಒಂದೇ ಸಲ ಹೇಳಿದ್ದು. ಅದಕ್ಕೇ ನಂಗೆ ಈಗ ನಿದ್ದೆ ಬರಲ್ಲ. ಅದು ನಿಜ ಇದ್ದಿದ್ರೆ ನಾನು ನಕ್ಕಿದ್ದು ಯಾವುದಕ್ಕೆ?"

ಆ ಮಳೆಯ ಶುಕ್ರವಾರ ನಾನು ಮೂರನೆಯ ತಿರುವಿನಲ್ಲೇ ಇದ್ದೆ. ಆ ಸಂಜೆ ಗೊತ್ತಿಲ್ಲದವರು ನಮ್ಮ ಊರಿನಲ್ಲಿ ಇಲ್ಲ. ನಮ್ಮ ದೊಡ್ಡ ಸವಾರ ಟೆರಿ ಹೋಲ್ರಾಯ್ಡ್ ಬಿದ್ದು ಭುಜದ ಮೂಳೆ ಮುರಿದುಕೊಂಡು, ಪಟ್ಟಿ ಸುತ್ತಿಸಿಕೊಂಡು ಮತ್ತೆ ಇಳಿದು ದಿನದ ಕೊನೆಯ ಓಟ ಗೆದ್ದ ಸಂಜೆ ಅದು. ಕೂಟದಲ್ಲಿ ಆ ಕಥೆ ಬಾರದ ಬುಧವಾರವೇ ಇಲ್ಲ. ಟೆರಿ ಬಿದ್ದ ಆ ಓಟದಲ್ಲಿ ಡೆರೆಕ್ಕನೂ ಇದ್ದ. ಆದರೆ ಟೆರಿ ಬೀಳುವ ಮುಂಚೆ ಯಾರು ಮುಂದಿದ್ದರು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮಳೆಗೆ ಪುಡಿಮಣ್ಣು ಕೆಸರಾಗಿ ನಾಲ್ವರೂ ಒಂದೇ ಬಣ್ಣವಾಗಿದ್ದರು, ಜೊತೆಗೆ ನಾವೆಲ್ಲ ಟೆರಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

ನಾರ್ಮನ್ನನನ್ನು ಕೇಳಿದೆ. ಅವನು ತಲೆ ಅಲ್ಲಾಡಿಸಿದ. "ಯಾರಾದ್ರೂ ಬಿದ್ದು ಓಟ ನಿಲ್ಲಿಸೋ ಕೆಂಪು ದೀಪ ಹತ್ತಿದ್ರೆ ಆ ಓಟ ಓಟಾನೇ ಅಲ್ಲ ಐಲೀನ್, ನಿಂಗೆ ಗೊತ್ತಿಲ್ವಾ? ಬಿದ್ದವನನ್ನ ಬಿಟ್ಟು ಉಳಿದವರು ಮೊದಲಿಂದ ಓಡ್ಬೇಕು. ಬರ್ಕೊಳ್ಳೋದು ಎರಡನೇದನ್ನೇ. ಎರಡನೇದರಲ್ಲಿ ಡೆರೆಕ್ಕನ ಸರಪಳಿ ತುಂಡಾಯ್ತು. ಅವನಿಗೆ ಸಿಕ್ಕಿದ್ದು ಸೊನ್ನೆ."

"ಮೊದಲನೇದರಲ್ಲಿ?"

"ಮೊದಲನೇದು ಅಂತ ಒಂದು ಇಲ್ವೇ ಇಲ್ಲ ಮಾರಾಯ್ತಿ!"

ನನಗೆ ಸಿಟ್ಟು ಬಂತು. ನಿಯಮದ ಮೇಲೋ, ನಾರ್ಮನ್ನನ ಮೇಲೋ ಗೊತ್ತಿಲ್ಲ. ಅಷ್ಟು ಜನ ಕಣ್ಣಾರೆ ಕಂಡದ್ದು ಇಲ್ಲವೇ ಇಲ್ಲ ಎಂದರೆ ಹೇಗೆ? ಉಳಿದಿದ್ದದ್ದು ಒಂದೇ ದಾರಿ. ಎದುರಾಳಿಗಳು ಇಬ್ಬರೂ ತೀರಿಹೋಗಿದ್ದರು, ಟೆರಿ ಮಾತ್ರ ಇದ್ದ. ದೂರದ ಕಡಲತೀರದ ಊರಿನಲ್ಲಿ ಮಗಳ ಮನೆಯಲ್ಲಿದ್ದ ಅವನನ್ನು ಬೇಸಿಗೆಯ ಕೂಟಕ್ಕೆ ಕರೆಸು ಎಂದು ನಾರ್ಮನ್ನನ ಬೆನ್ನು ಬಿದ್ದೆ. ಕಾರಣ ಹೇಳಲಿಲ್ಲ.

ಆ ಬುಧವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂದಿಮಾಂಸದ ಪೈ ಅರ್ಧ ಗಂಟೆಯಲ್ಲಿ ಖಾಲಿ. ಟೆರಿ ಊರುಗೋಲಿನೊಂದಿಗೆ ಬಂದ, ಮುಖ ಮಾತ್ರ ಅದೇ ಹಳೆಯ ಚೆಲುವಿನ ಮುಖ. ಜನ ಕೇಳಿದ್ದು ಅದೇ ಕಥೆಯನ್ನು. ಅವನೂ ಹೇಳಿದ. ಮುರಿದ ಮೂಳೆಯ ಜಾಗವನ್ನು ಮುಟ್ಟಿಕೊಂಡಾಗ ಗಂಡಸರು ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಂತ ಮೇಲೆ ಮೇವಿಸ್ ಎದ್ದು ನಿಂತಳು.

"ನಾನು ಮೇವಿಸ್, ಡೆರೆಕ್ ಲಡ್ಲಮ್‌ನ ಹೆಂಡ್ತಿ. ನೀವು ಬಿದ್ರಲ್ಲ, ಆಗ ಮುಂದೆ ಯಾರಿದ್ರು?"

ಟೆರಿಯ ನಗು ಅಲ್ಲೇ ನಿಂತಿತು. "ತುಂಬ ಹಳೇದಾಯ್ತಲ್ಲ ಮೇವಿಸ್. ಮಳೆ ಬೇರೆ. ನೆನಪಿಲ್ಲ."

"ಸರಿ" ಎಂದಳು. ಅಷ್ಟೇ. ನಾರ್ಮನ್ ಗಡಿಬಿಡಿಯಿಂದ ಬೇರೆ ಯಾರೋ ಕೈ ಎತ್ತಿದ್ದಾರೆ ಎಂದ, ಯಾರೂ ಎತ್ತಿರಲಿಲ್ಲ. ಮೇವಿಸ್ ಕೋಟು ಹಾಕಿಕೊಂಡು ಒಂದೊಂದೇ ಗುಂಡಿ ಹಾಕತೊಡಗಿದಳು. ಆ ಮುದುಕನನ್ನು ಕರೆಸಿದವಳೇ ನಾನು, ಈಗ ಅವಳಿಗೆ ಇದ್ದ ಒಂದು ಆಸೆಯೂ ಹೋದಂತಾಯಿತು.

"ಸ್ವಲ್ಪ ನಿಂತ್ಕೊಳ್ಳಿ" ಎಂದ ಟೆರಿ. "ನಾನು ಬೀಳಲಿಲ್ಲ. ಬಿದ್ದೆ, ಆದರೆ ಬೇಕು ಅಂತ್ಲೇ ಬಿದ್ದೆ."

ಯಾರೋ ಕೈಯಲ್ಲಿದ್ದ ಕಪ್ಪನ್ನು ತಟ್ಟೆಗೆ ಇಟ್ಟ ಸದ್ದು ಕೇಳಿಸಿತು.

"ಎಂಜಿನ್ ಸಾಯ್ತಾ ಇತ್ತು, ನಾನು ಎಲ್ಲರಿಗಿಂತ ಹಿಂದೆ ಉಳಿದಿದ್ದೆ. ಮೂರನೇ ಸುತ್ತು. ಮುಂದೆ ಮೂರು ಬೈಕು, ಮೂರೂ ಕೆಸರು. ಎದುರು ತಂಡದ ಇಬ್ಬರು ಮೊದಲು ಹೋಗ್ತಿದಾರೆ, ನಮ್ಮ ಡೆರೆಕ್ ಮೂರನೆಯವನು ಅಂದ್ಕೊಂಡೆ. ಅಂದ್ಕೊಳ್ಳೋದೇನು, ಬೇರೆ ಥರ ಇರ್ಬಹುದು ಅಂತ ತಲೆಗೇ ಬರಲಿಲ್ಲ. ನಂಗಂತೂ ಏನೂ ಸಿಗಲ್ಲ, ಓಟ ನಿಂತ್ರೆ ಅವನಿಗಾದ್ರೂ ಇನ್ನೊಂದು ಅವಕಾಶ ಸಿಗತ್ತೆ ಅಂತ ಬೈಕು ಮಲಗಿಸ್ಬಿಟ್ಟೆ. ಆಗ ಎಲ್ಲರೂ ಮಾಡ್ತಿದ್ದದ್ದೇ ಅದು. ಮೂಳೆ ಮುರಿಯೋದು ಮಾತ್ರ ಲೆಕ್ಕದಲ್ಲಿ ಇರಲಿಲ್ಲ."

"ಆಮೇಲೆ?" ಎಂದಳು ಮೇವಿಸ್.

"ಎದ್ದು ನೋಡ್ತೀನಿ, ಎಲ್ಲರಿಗಿಂತ ಮುಂದೆ ಹೋಗಿ ನಿಂತವನು ಹೆಲ್ಮೆಟ್ಟಿನ ಕೆಸರು ಒರೆಸ್ತಾ ಇದಾನೆ. ನೀಲಿ. ಆ ದಿನ ಕೆಂಪು ನಂದು, ನೀಲಿ ಡೆರೆಕ್ಕನದು. ನನ್ನ ಭುಜಕ್ಕೆ ಪಟ್ಟಿ ಸುತ್ತಿದವನೂ ಅವನೇ. ಹೇಳ್ಬೇಕು ಅಂತ ಬಾಯಿವರೆಗೆ ಬಂತು. ಅವನು ಏನೂ ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ನೀವೆಲ್ಲ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರಿ. ಇವತ್ತಿನವರೆಗೂ ತಟ್ಟಿದ್ರಿ."

ನಾರ್ಮನ್ ಕಿಟಕಿಯ ಕಡೆ ತಿರುಗಿಕೊಂಡ. ಅರ್ಧ ಶತಮಾನ ಎದೆಯಲ್ಲಿಟ್ಟುಕೊಂಡ ಕಥೆ ಒಂದೇ ಮಾತಿಗೆ ಕುಸಿದುಬಿದ್ದರೆ ಬೇಜಾರಾಗದೆ ಇರುತ್ತದೆಯೇ? ನನಗೂ ಆಯಿತು. ಟೆರಿಯನ್ನು ಬಯ್ಯಬೇಕೆನಿಸಿತು, ಎದ್ದು ಹೋಗಿ ಬೆನ್ನು ತಟ್ಟಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಮೇವಿಸ್‌ಳನ್ನು ನೋಡುತ್ತ ನಿಂತೆ. ಅವಳ ಮುಖದಲ್ಲಿ ಟೆರಿಯ ಮೇಲೆ ಸಿಟ್ಟಿರಲಿಲ್ಲ. ಅವಳಿಗೆ ಕೇಳಬೇಕಾದದ್ದು ಇನ್ನೂ ಒಂದಿತ್ತು.

"ಎಷ್ಟು ಮುಂದೆ ಇದ್ದ?"

ಟೆರಿ ಕೋಣೆಯ ಉದ್ದವನ್ನು ಕಣ್ಣಲ್ಲೇ ಅಳೆದ. "ಇಷ್ಟು ಸಾಲಲ್ಲ. ಕಿಟಕಿ ಆಚೆ ಆ ಬಸ್ ನಿಲ್ದಾಣ ಇದೆಯಲ್ಲ, ಇಲ್ಲಿಂದ ಅಲ್ಲೀವರೆಗೆ. ಇನ್ನೂ ಜಾಸ್ತಿ ಇದ್ರೂ ಇರ್ಬಹುದು. ಯಾರಿಗೂ ಸಿಗ್ತಿರಲಿಲ್ಲ ಅವನು."

ಎಲ್ಲರೂ ಕತ್ತು ತಿರುಗಿಸಿ ಬಸ್ ನಿಲ್ದಾಣವನ್ನು ನೋಡಿದೆವು. ಮೇವಿಸ್ ಕಿಟಕಿಯವರೆಗೆ ನಡೆದುಹೋಗಿ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಹತ್ತಿರ ಹೋಗಿ ಅವಳ ಮೊಣಕೈ ಹಿಡಿದುಕೊಂಡೆ.

"ನನ್ನ ಹತ್ರ ಒಂದು ಬೈಕಿನಷ್ಟು ಮುಂದೆ ಇದ್ದೆ ಅಂದಿದ್ದ, ಐಲೀನ್" ಎಂದಳು. "ಅಷ್ಟನ್ನಾದ್ರೂ ನಂಬ್ತೀನಿ ಅಂತ ಕಡಿಮೆ ಮಾಡಿ ಹೇಳಿದ್ದ ನೋಡು."