ಕಾಕಾರ ದೋಷದ ಪುಸ್ತಕ

ಪುಸ್ತಕ ತೆರೆದ ಕೂಡಲೇ ಲವಂಗದ ವಾಸನೆ ಬಂತು. ಇಷ್ಟು ವರ್ಷ ಟ್ರಂಕಿನ ತಳದಲ್ಲಿದ್ದರೂ ಹೋಗಿಲ್ಲ. ಕಂದು ರಟ್ಟಿನ ಉದ್ದನೆಯ ಪುಸ್ತಕ. ಒಳಗೆ ಸ್ಕೇಲು ಹಿಡಿದು ಎಳೆದ ಗೆರೆಗಳು, ನಾಲ್ಕು ಖಾನೆಗಳು: ವಾರ, ಡ್ರೈವರ್ ಹೇಳಿದ ದೋಷ, ಮಾಡಿದ ದುರಸ್ತಿ, ಮಿಸ್ತ್ರಿ ಸಹಿ. ಮೊದಲೆರಡು ಖಾನೆಗಳ ಅಕ್ಷರ ಕಾಕಾರದು. ಉಳಿದೆರಡು ನನ್ನವು.

ಕಾಕಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಖಾನಾಪುರದ ಮನೆಗೆ ಹೋದಾಗ ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋಗಿದ್ದರು. ಅವರ ಹೆಂಡತಿ ಕಾಕು ಚಹಾ ಕೊಟ್ಟು, ಒಳಗಿನ ಟ್ರಂಕಿನಿಂದ ಇದನ್ನು ತಂದು ನನ್ನ ತೊಡೆಯ ಮೇಲಿಟ್ಟರು. "ನಿಂದ ಐತಿ, ತಗೊಂಡ ಹೋಗವಾ. ನನಗ ಓದಾಕ ಬರಂಗಿಲ್ಲ" ಅಂದರು. ತಂದು ನಾಲ್ಕು ದಿನವಾಯಿತು. ಕೊನೆಯ ಪುಟದತ್ತ ಕೈ ಹೋಗುತ್ತಿಲ್ಲ. ಮೇಜಿನಿಂದ ಎದ್ದು ಅಡಿಗೆಮನೆಗೆ ಹೋಗುತ್ತೇನೆ, ಏಕೆ ಬಂದೆನೆಂದು ನೆನಪಾಗದೆ ಹಿಂದಿರುಗಿ ಕೂರುತ್ತೇನೆ. ಬರೆದರೆ ಕೈಯಾದರೂ ಒಂದು ಕಡೆ ನಿಂತೀತು ಎಂದು ಬರೆಯುತ್ತಿದ್ದೇನೆ.

ಕಾಕಾ ನಮಗೆ ಬಳಗವಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ಹಿಂದವಾಡಿಯಲ್ಲಿ ನಾವಿದ್ದ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅಷ್ಟೇ. ಬೆಳಗಾವಿಯಿಂದ ಖಾನಾಪುರ, ನಂದಗಡದ ಕಡೆಗೆ ಬಸ್ಸು ಓಡಿಸಿ ಆಗಷ್ಟೇ ನಿವೃತ್ತರಾಗಿದ್ದರು. ನಿವೃತ್ತಿ ಅವರ ಮೈಗೆ ಹತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತರೂ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ದಿನಕ್ಕೆ ಹತ್ತು ಸಲ ಗೇಟಿನವರೆಗೆ ಹೋಗಿ ಬರುವರು. ಅಂಗಿಯ ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳುವರು. ತೂಕಡಿಕೆ ಬಾರದಿರಲೆಂದು ಬಸ್ಸಿನಲ್ಲಿ ಕಲಿತ ಅಭ್ಯಾಸ. "ಇವರನ್ನ ಮನ್ಯಾಗ ಇಟಗೊಳ್ಳೂದಂದ್ರ, ಎಂಜಿನ್ ಚಾಲೂ ಇಟ್ಟ ಗಾಡಿ ಅಂಗಳದಾಗ ನಿಲ್ಲಿಸಿದಂಗ" ಎಂದು ಕಾಕು ಗೊಣಗುವರು.

ನಾನು ಮನೆಯಲ್ಲೇ ಮದುವೆ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿದ್ದೆ, ಕನ್ನಡದಲ್ಲೂ ಮರಾಠಿಯಲ್ಲೂ. ಯಂತ್ರ ಸಾಧಾರಣದ್ದು, ಅಕ್ಷರ ಜೋಡಿಸಲು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಏದುಸಿರು ಬಿಡುತ್ತಿತ್ತು. ಒಂದು ಮಾಸಪತ್ರಿಕೆಯೊಂದಿಗೆ ಪುಕ್ಕಟೆ ಬಂದ ಸಿಡಿಯಲ್ಲಿ ಕಾರು ಓಡಿಸುವ ಆಟವೊಂದಿತ್ತು. ಬೇಸರವಾದಾಗ ಹಚ್ಚುತ್ತಿದ್ದೆ. ಕಾಕಾ ಮೊಮ್ಮಗುವಿನ ತೊಟ್ಟಿಲ ಕಾರ್ಯದ ಪತ್ರಿಕೆ ಮಾಡಿಸಲು ಬಂದ ದಿನ ಪರದೆಯ ಮೇಲೆ ಆ ಆಟ ತನ್ನಷ್ಟಕ್ಕೆ ಓಡುತ್ತಿತ್ತು. ಗುಡ್ಡದ ರಸ್ತೆ, ಎರಡೂ ಕಡೆ ಮರ.

"ಇದನ್ನ ಯಾರ ಹೊಡ್ಯಾಕತ್ತಾರ?" ಅಂದರು.

"ಯಾರೂ ಇಲ್ರಿ ಕಾಕಾ. ತಾನ ಓಡಿ ತೋರಸ್ತೈತಿ."

"ಡ್ರೈವರ್ ಇಲ್ದ? ಭಾಳ ತಪ್ಪ ಅದು. ನೀ ಸರಿ."

ಸರಿದೆ. ಆ ಕುರ್ಚಿಯಲ್ಲಿ ಕೂತವರು ಆರು ತಿಂಗಳು ಮಧ್ಯಾಹ್ನದ ಊಟವಾದ ಮೇಲೆ ದಿನವೂ ಬಂದು ಕೂತರು.

ಮೊದಲ ದಿನ ಬೈದದ್ದೇ ಬೈದದ್ದು. ಸ್ಟೇರಿಂಗ್ ಇಲ್ಲದೆ ನಾಲ್ಕು ಗುಂಡಿಯಲ್ಲಿ ಗಾಡಿ ಹೊಡೆಯುವುದು ಅವರಿಗೆ ಅವಮಾನ. ಜೊತೆಗೆ ತಿರುವು ಬಂದಾಗಲೆಲ್ಲ ಪರದೆ ತಡವರಿಸಿ, ನಿಂತು, ಹಾರಿ ಮುಂದೆ ಹೋಗುತ್ತಿತ್ತು. "ಮಿಸ್ಸಿಂಗ್ ಹೊಡ್ಯಾಕತ್ತೈತಿ" ಅಂದರು. ಎಂಜಿನ್ನು ಒಂದೊಂದು ಬಡಿತ ತಪ್ಪಿಸುವುದಕ್ಕೆ ಅವರ ಡಿಪೋದ ಮಾತು. ಅದಕ್ಕಿಂತ ಸರಿಯಾದ ಮಾತನ್ನು ನಾನು ಆಮೇಲೂ ಕೇಳಲಿಲ್ಲ.

ಮರುದಿನ ಈ ಪುಸ್ತಕದೊಂದಿಗೆ ಬಂದರು. ಡಿಪೋದಲ್ಲಿ ಟ್ರಿಪ್ಪು ಮುಗಿಸಿದ ಡ್ರೈವರು ಗಾಡಿಯ ದೋಷವನ್ನು ಪುಸ್ತಕದಲ್ಲಿ ಬರೆಯಬೇಕು. ಮಿಸ್ತ್ರಿ, ಅಂದರೆ ಮೆಕ್ಯಾನಿಕ್, ದುರಸ್ತಿ ಮಾಡಿ ಸಹಿ ಹಾಕಬೇಕು. ಸಹಿ ಬೀಳದೆ ಗಾಡಿ ಹೊರಡುವಂತಿಲ್ಲ, ಪುಸ್ತಕ ಮುಚ್ಚುವಂತಿಲ್ಲ. "ಬಾಯಿಲೆ ಹೇಳಿದ್ರ ಮಿಸ್ತ್ರಿಗೋಳ ಕಿವಿಗೆ ಬೀಳಂಗಿಲ್ಲ. ಬರದ ಕೊಟ್ರ ತಪ್ಪಿಸಿಕೊಳ್ಳಾಕ ಬರಂಗಿಲ್ಲ" ಅಂದರು. ಅಂದಿನಿಂದ ನಾನು ಮಿಸ್ತ್ರಿಯಾದೆ. ಗೋಡೆಯಾಚೆಯಿಂದಲೇ ಕೂಗುವರು: "ಏನವಾ ಮಿಸ್ತ್ರಿ, ಗಾಡಿ ತಯಾರ ಐತಿಲ್ಲೋ?"

ಮೊದಲ ಪುಟದಲ್ಲಿ ಇರುವುದು ಅದೇ: "ಮಿಸ್ಸಿಂಗ್." ಎದುರಿಗೆ ನನ್ನ ಅಕ್ಷರ: "ನೆರಳು ತೆಗೆದೆ. ಹಿಂದಿನದು ತೋರಿಸುವ ಕನ್ನಡಿ ತೆಗೆದೆ." ಆಟದ ಸೆಟ್ಟಿಂಗ್‌ನಲ್ಲಿ ಇಂಥ ಹತ್ತಾರು ಆಯ್ಕೆಗಳಿದ್ದವು. ನೆರಳು, ಮಳೆ, ದೂರದ ಗುಡ್ಡ, ಮರದ ಎಲೆ, ಎದುರು ಬರುವ ಗಾಡಿಗಳು. ಬಡ ಯಂತ್ರಕ್ಕೆ ಎಲ್ಲವನ್ನೂ ಹೊರಲಾಗದು. ಚಂದ ಕಾಣಬೇಕೆಂದರೆ ತಡವರಿಸುತ್ತದೆ, ಸರಾಗ ಓಡಬೇಕೆಂದರೆ ಏನನ್ನಾದರೂ ಇಳಿಸಬೇಕು. ಒಂದೊಂದನ್ನೇ ತೆಗೆದು, ಓಡಿಸಿ, ಮತ್ತೆ ಹಾಕಿ, ಯಾವುದು ಭಾರ ಯಾವುದು ಹಗುರ ಎಂದು ಕಲಿತೆ. ಪರದೆಯ ಚುಕ್ಕೆಗಳನ್ನು ಕಡಿಮೆ ಮಾಡಿದಾಗ ಮರಗಳು ಮೊಂಡಾದವು, ಗಾಡಿ ಮಾತ್ರ ಬೆಣ್ಣೆಯಂತೆ ಓಡಿತು. ಅವತ್ತು ಕಾಕಾ ಮನೆಗೆ ಹೋಗಿ ಕಾಕುವಿನ ಕೈಯಲ್ಲಿ ನನಗೆ ಗಟ್ಟಿ ಮೊಸರು ಕಳಿಸಿದ್ದರು.

ಈಗ ಆ ಪುಟಗಳನ್ನು ಒಂದರ ಹಿಂದೊಂದು ತಿರುವುತ್ತಿದ್ದೇನೆ. "ಸಂಜಿ ರೋಡ್ ಕಾಣಂಗಿಲ್ಲ." ನಾನು ಆಟದ ಹೊತ್ತನ್ನು ನಡುಮಧ್ಯಾಹ್ನಕ್ಕೆ ಇಟ್ಟೆ. "ಗಾಜ ಮಬ್ಬ ಐತಿ." ಬೆಳಕು ಏರಿಸಿದೆ. "ಎಡಕಿನ ಗಾಡಿ ಒಮ್ಮಿಂದೊಮ್ಮೆ ಬರ್ತಾವ." ಬೇರೆ ಗಾಡಿಗಳನ್ನು ಅರ್ಧ ಮಾಡಿದೆ. "ಎಡಕಿನ ಕಲ್ಲ ತಡಾ ಆಗಿ ಕಾಣ್ತಾವ." ಕಲ್ಲುಗಳನ್ನೂ ತೆಗೆದೆ. "ಎಡಕಿನ ಗಾಡಿ, ಮತ್ತ." ಗಾಡಿಗಳನ್ನೇ ಬಂದ್ ಮಾಡಿದೆ. ಒಂದೊಂದಕ್ಕೂ ನನ್ನ ಸಹಿ. ಯಂತ್ರದ ಬಡತನ ನೀಗಿಸುತ್ತಿದ್ದೇನೆಂದು ನನಗೆ ಹೆಮ್ಮೆ. ಐದನೆಯ ತಿಂಗಳ ಹೊತ್ತಿಗೆ ಆ ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲು, ಖಾಲಿ ಡಾಂಬರು ಮತ್ತು ಕಾಕಾ ಬಿಟ್ಟರೆ ಏನೂ ಉಳಿದಿರಲಿಲ್ಲ.

"ನೋಡ, ಎಲ್ಲೆರೆ ಒಂದ ಗೀರ ಬಿದ್ದೈತೇನ?" ಎಂದು ಬೀಗುವರು.

ಅದೇ ಸುಮಾರಿಗೆ ಖಾನಾಪುರದ ಒಂದು ಶಾಲೆಯವರು ನಂದಗಡದ ಕಡೆಯ ಮಕ್ಕಳನ್ನು ಕರೆತರುವ ವ್ಯಾನಿಗೆ ಡ್ರೈವರನನ್ನು ಹುಡುಕುತ್ತಿದ್ದರು. ಕಾಕಾ ಹುಟ್ಟಿದೂರು ಖಾನಾಪುರ, ಅವರಿಗೆ ಹೇಳಿಕಳಿಸಿದರು. ಲೈಸನ್ಸಿನ ಅವಧಿ ಇನ್ನೂ ಇತ್ತು. ಕಾಕಾರ ಮುಖದ ಮೇಲೆ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಕು ಮಾತ್ರ ಹಿತ್ತಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಖರೇ ಹೇಳವಾ. ಇವರು ತಾಟಿನ ಬಾಜೂಕ ಇಟ್ಟ ನೀರಿನ ಗಿಂಡಿ ಕೆಡವತಾರ. ಕೇಳಿದ್ರ, ಮಿಸ್ತ್ರಿನ ಕೇಳ ಹೋಗು, ನನ್ನ ಕಣ್ಣ ಹೆಂಗ ಅದಾವಂತ, ಅಂತಾರ. ಕಾಣ್ತೈತಿಲ್ಲೋ ಅವರಿಗೆ?"

"ಚೊಲೋ ಹೊಡಿತಾರ್ರಿ ಕಾಕು" ಎಂದೆ. ಯೋಚಿಸದೆ ಎಂದೆ.

ವ್ಯಾನು ನೋಡಲು ಖಾನಾಪುರಕ್ಕೆ ಹೋಗುವಾಗ ನಾನೂ ಜೊತೆಗೆ ಹೊರಟೆ. ಅಲ್ಲಿಗೆ ಪತ್ರಿಕೆ ಮುಟ್ಟಿಸುವುದಿತ್ತು. ಬಸ್ಸಿನಲ್ಲಿ ಕಾಕಾ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಹಂಚಿನ ಲಾರಿ ಎದುರಾದಾಗಲೆಲ್ಲ ತಾವೇ ಬ್ರೇಕು ಒತ್ತುತ್ತಿದ್ದರು. ಶಾಲೆಯ ಮೈದಾನದಲ್ಲಿ ಬಿಳಿ ವ್ಯಾನು ನಿಂತಿತ್ತು. ಊಟದ ಬಿಡುವು, ಮಕ್ಕಳು ಗೋಡೆಯ ಪಕ್ಕ ಕೂತಿದ್ದರು. ಕಾಕಾ ಹತ್ತಿ, ಸ್ಟೇರಿಂಗಿಗೆ ಕೈ ಮುಟ್ಟಿಸಿ ಹಣೆಗೊತ್ತಿಕೊಂಡು, ಗಾಡಿ ಎಬ್ಬಿಸಿ ಒಂದು ಸುತ್ತು ಹಾಕಿದರು. ಎಷ್ಟು ಹಗುರ ಕೈ… ತಿರುವಿನಲ್ಲಿ ಕಟಕ್ಕೆಂದು ಸದ್ದು. ಎಡಗಡೆಯ ಚಕ್ರದ ಕೆಳಗೆ ಒಂದು ಹುಡುಗಿಯ ಊಟದ ಡಬ್ಬಿ. ಅನ್ನ ಮಣ್ಣಿನ ಮೇಲೆ ಚೆಲ್ಲಿತ್ತು. ಅವಳು ನೀರು ಕುಡಿಯಲು ಎದ್ದು ಹೋಗಿದ್ದಳು.

"ಡಬ್ಬಿ ರಸ್ತಾದಾಗ ಇಡಬಾರದವಾ, ರೊಟ್ಟಿ ತಟ್ಟಿದಂಗ ಆತ ನೋಡ" ಎಂದು ಕಾಕಾ ನಕ್ಕರು. ಶಾಲೆಯ ಗುರುಗಳೂ ನಕ್ಕು, "ಸೋಮವಾರದಿಂದ ಬರ್ರಿ" ಅಂದರು. ಹುಡುಗಿ ನಗಲಿಲ್ಲ. ಡಬ್ಬಿ ರಸ್ತೆಯಲ್ಲಿರಲಿಲ್ಲ, ಗೋಡೆಯ ಹತ್ತಿರವೇ ಇತ್ತು. ಬಿಸಿಲಿಗೆ ಹೊಳೆಯುತ್ತಿತ್ತು. ನಾನು ದೂರದಿಂದಲೇ ಕಂಡಿದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಪುಸ್ತಕದ ಪುಟಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಡಕ್ಕೆ, ಎಡಕ್ಕೆ, ಎಡಕ್ಕೆ. ಅವು ಯಂತ್ರದ ದೋಷಗಳಾಗಿರಲಿಲ್ಲ. ಅವರಿಗೆ ಕಾಣದ್ದನ್ನೆಲ್ಲ ನಾನು ರಸ್ತೆಯಿಂದಲೇ ತೆಗೆದುಹಾಕುತ್ತ ಬಂದಿದ್ದೆ.

ಬಾಯಿಬಿಟ್ಟು ಹೇಳಬೇಕಿತ್ತು. ಗೋಡೆಯಾಚೆ ಅವರು ಖಾಕಿ ಅಂಗಿಗೆ ಇಸ್ತ್ರಿ ಮಾಡಿಸಿ ತಂದ ಸಂಭ್ರಮ ಕೇಳಿಸುತ್ತಿತ್ತು. ಎರಡು ಸಲ ಅವರ ಬಾಗಿಲಿನವರೆಗೆ ಹೋಗಿ ಹಿಂದಿರುಗಿದೆ. ಶನಿವಾರ, ಕಂಪ್ಯೂಟರು ಕೊಂಡ ಅಂಗಡಿಗೆ ಹೋಗಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೂ ಹೆಚ್ಚಿನ ಮೆಮೊರಿಯನ್ನೂ ಕೇಳಿದೆ.

"ಮದವಿ ಪತ್ರಿಕಿಗೆ ಇದ ಯಾಕ ಬೇಕ್ರಿ?" ಎಂದು ಅಂಗಡಿಯವರು ಕೇಳಿದರು.

"ಒಂದ ದಿನಾ ಸಾಕ್ರಿ. ಸೋಮವಾರ ತಂದ ಕೊಡ್ತೀನಿ."

ಯಂತ್ರದ ಮೇಲೆ ತಪ್ಪು ಹೊರಿಸಲು ಜಾಗ ಉಳಿಯಬಾರದಿತ್ತು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಮರಳಿ ಹಾಕಿದೆ. ನೆರಳು, ಕನ್ನಡಿ, ಎಲೆ, ಕಲ್ಲು, ಸಂಜೆಯ ಬೆಳಕು, ಎರಡೂ ಕಡೆಯಿಂದ ಬರುವ ಗಾಡಿಗಳು. ಆಟ ಒಂದೇ ಒಂದು ಸಲವೂ ತಡವರಿಸಲಿಲ್ಲ. ಅಷ್ಟು ಚಂದ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಕಾಕಾ ಕೂತವರೇ, "ಆಹಾ! ಇದ ನಮ್ಮ ಖಾನಾಪುರ ರೋಡ್ ನೋಡವಾ. ಇಷ್ಟ ದಿನಾ ಇದನ್ನೆಲ್ಲ ಎಲ್ಲೆ ಮುಚ್ಚಿಟ್ಟಿದ್ದಿ?" ಅಂದರು.

ಮೊದಲ ಕೂಡುರಸ್ತೆಯಲ್ಲಿ ಎಡದಿಂದ ಬಂದ ಲಾರಿಗೆ ಹೊಡೆದರು. ನಕ್ಕು ಮತ್ತೆ ಹೊರಟರು. ಮತ್ತೆ ಅಲ್ಲೇ. ಮೂರನೆಯ ಸಲ ನಿಧಾನಕ್ಕೆ ಹೋದರು, ಎಡಗಡೆಯ ಕಲ್ಲಿಗೆ ಏರಿದರು. ನಾಲ್ಕನೆಯ ಸಲ ಲವಂಗ ಅಗಿಯುವುದನ್ನು ನಿಲ್ಲಿಸಿದರು. ಬಲಗಾಲು ನೆಲದ ಮೇಲೆ ಅಲುಗಾಡದೆ ಇತ್ತು.

"ಮಿಸ್ಸಿಂಗ್ ಇಲ್ಲಲಾ?"

"ಇಲ್ರಿ ಕಾಕಾ."

"ಮತ್ತ ಇಷ್ಟ ದಿನಾ ಹೆಂಗ ಬರ್ತಿತ್ತ?"

"ನಾ ಎಲ್ಲಾ ತಗದಿದ್ದೆ ರೀ…"

ಅವರು ಮುಖವನ್ನು ಪೂರಾ ಎಡಕ್ಕೆ ತಿರುಗಿಸಿ, ನಿಂತಿದ್ದ ಲಾರಿಯನ್ನು ನೋಡಿದರು. ಎದ್ದು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿತು.

ಸೋಮವಾರ ಖಾನಾಪುರಕ್ಕೆ ಹೋಗಲಿಲ್ಲ. ಕಾಕುವಿಗೆ, "ಆ ಗಾಡಿ ಬರೋಬರಿ ಇಲ್ಲ" ಎಂದಷ್ಟೇ ಹೇಳಿದರಂತೆ. ಕಣ್ಣಿನ ಡಾಕ್ಟರು ನೋಡಿ, ಒಳಗಿನ ಒತ್ತಡದಿಂದ ನರ ಸವೆದಿದೆ, ಹೋದದ್ದು ಬರುವುದಿಲ್ಲ, ಆರು ತಿಂಗಳು ಮೊದಲು ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಅಂದರು. ಆರು ತಿಂಗಳು. ಪುಸ್ತಕದ ವಯಸ್ಸೂ ಅಷ್ಟೇ.

ಕಾಕಾ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಗೋಡೆಯಾಚೆಯಿಂದ ಮಿಸ್ತ್ರಿ ಎಂದು ಕೂಗಲಿಲ್ಲ. ವರ್ಷದೊಳಗೆ ಮನೆ ಬಿಟ್ಟು ಖಾನಾಪುರಕ್ಕೆ ಹೋದರು. ಸಾಮಾನಿನ ಟೆಂಪೋ ಹೊರಟಾಗ ನಾನು ಕಿಟಕಿಯ ಒಳಗೇ ನಿಂತಿದ್ದೆ.

ಒಮ್ಮೆ ಮಾತ್ರ ಅವರನ್ನು ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಕಂಡೆ. ಕೋಲು ಹಿಡಿದು ಖಾನಾಪುರದ ಬಸ್ಸಿನತ್ತ ನಡೆಯುತ್ತಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ನನ್ನ ಪಕ್ಕದಲ್ಲೇ ಹಾದು ಹೋದರು. ನಾನು ನಿಂತದ್ದು ಅವರ ಎಡಕ್ಕೆ. ಕಾಣಲಿಲ್ಲವೋ, ಕಂಡೂ ಹೋದರೋ… ನಾಲ್ಕು ಹೆಜ್ಜೆ ಇಟ್ಟು ಬಲಕ್ಕೆ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಆ ನಾಲ್ಕು ಹೆಜ್ಜೆಗಳು ಈಗಲೂ ನನ್ನ ಕಾಲಲ್ಲಿವೆ. ಮೇಜಿನಿಂದ ಅಡಿಗೆಮನೆಗೆ ನಡೆಯುವುದು ಅವನ್ನೇ.

ಇಷ್ಟು ಬರೆದ ಮೇಲೆ ಕೊನೆಯ ಪುಟ ತೆರೆದೆ. ವಾರದ ಖಾನೆಯಲ್ಲಿ "ಭಾನುವಾರ" ಎಂದಿದೆ. ದೋಷದ ಖಾನೆಯಲ್ಲಿ, ಅದೇ ದಿನ ಮನೆಗೆ ಹೋಗಿ ಬರೆದದ್ದು, ಸಾಲು ಎಡಕ್ಕೆ ಗೆರೆ ದಾಟಿ ಶುರುವಾಗಿದೆ: "ಗಾಡಿ ಬರೋಬರಿ ಐತಿ. ಡ್ರೈವರ್‌ಗೆ ಎಡಕ್ಕ ಕಾಣಂಗಿಲ್ಲ. ಗಾಡಿ ಬಿಡಬ್ಯಾಡ್ರಿ."

ಎದುರಿನ ಎರಡು ಖಾನೆಗಳು ಖಾಲಿ. ಸಹಿ ಬೀಳದೆ ಪುಸ್ತಕ ಮುಚ್ಚುವಂತಿಲ್ಲ ಎಂದವರು, ಅದನ್ನು ಇಷ್ಟು ವರ್ಷ ಟ್ರಂಕಿನಲ್ಲಿಟ್ಟು ಕಾದಿದ್ದರೇನೋ. ಅವರು ಗೋಡೆಯಾಚೆ ಇದ್ದಾಗ ಪುಸ್ತಕ ಕೊಡಿರೆಂದು ನಾನು ಒಂದು ಸಲ ಕೇಳಿದ್ದರೆ ಸಾಕಿತ್ತು.

ಪೆನ್ನು ತೆಗೆದು ಮಿಸ್ತ್ರಿಯ ಜಾಗದಲ್ಲಿ ಸಹಿ ಮಾಡಿದೆ. ದುರಸ್ತಿಯ ಖಾನೆಯಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಅದನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದೆ.